ಮಾದಪ್ಪನ ಗುಡ್ಡರೂ ಮಾರ್ಮನ್ ಹುಡುಗರೂ

ಮತಪ್ರಚಾರದ ಮಾತು ಬಂದಾಗಲೆಲ್ಲ ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಓದುಬರಹ ಬಲ್ಲವರು ಒಂದು ಮಾತನ್ನು ಸಲೀಸಾಗಿ ಆಡುತ್ತಾರೆ. ಮನೆಮನೆಗೆ ಹೋಗಿ ತಮ್ಮ ದೇವರನ್ನು ಸಾರುವುದು ಹೊರದೇಶದವರ ಕೆಲಸ. ನಮ್ಮದು ಹುಟ್ಟಿನಿಂದ ಬರುವ ಧರ್ಮ. ನಾವು ಯಾರ ಬಾಗಿಲನ್ನೂ ತಟ್ಟಲಿಲ್ಲ, ಯಾರನ್ನೂ ಸೇರಿಸಿಕೊಳ್ಳಲಿಲ್ಲ ಎಂಬ ಮಾತು ಅದು. ಹೀಗೆನ್ನುವವರಲ್ಲಿ ಹೆಚ್ಚಿನವರು ಸಜ್ಜನರು, ನಂಬಿಯೇ ಹೇಳುತ್ತಾರೆ. ಆದರೂ ಈ ಮಾತು ತಪ್ಪು. ಬೇರೆಲ್ಲಿಯಾದರೂ ನಿಂತು ಹೇಳಿದರೆ ಅಷ್ಟಿಷ್ಟು ಸಾಗೀತು. ಮಲೆ ಮಹದೇಶ್ವರ, ಮಂಟೇಸ್ವಾಮಿಯರ ಕಾವ್ಯ ಬೆಳೆದ ನೆಲದಲ್ಲಿ ನಿಂತು ಹೇಳಿದರೆ ಅದು ನಮ್ಮ ಹಾಡನ್ನೇ ನಾವು ಕೇಳಿಸಿಕೊಂಡಿಲ್ಲ ಎಂದಾಗುತ್ತದೆ.

ಈ ಮಾತನ್ನು ಪರೀಕ್ಷಿಸಲು ಮಾರ್ಮನ್ ಎಂಬ ಕ್ರೈಸ್ತ ಸಭೆಯ ಯುವ ಮಿಷನರಿಗಳನ್ನು ಎದುರಿಗಿಟ್ಟುಕೊಳ್ಳುವುದು ಉಪಯುಕ್ತ. ಏಕೆಂದರೆ ‘ಹೊರಗಿನ ಪ್ರಚಾರಕ’ ಎಂದಾಗ ನಮ್ಮ ಮನಸ್ಸಿಗೆ ಬರುವ ಚಿತ್ರಕ್ಕೆ ಇವರಷ್ಟು ಸರಿಹೊಂದುವವರು ಇನ್ನಿಲ್ಲ. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಕಟ್ಟಿದ ಈ ಸಭೆಯ ಕೇಂದ್ರ ಈಗ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ. ಈ ಸಭೆಯ ಗಂಡುಮಕ್ಕಳು ಎರಡು ವರ್ಷ, ಹೆಣ್ಣುಮಕ್ಕಳು ಒಂದೂವರೆ ವರ್ಷ ಮನೆ ಬಿಟ್ಟು ಧರ್ಮಸೇವೆಗೆ ಹೋಗುತ್ತಾರೆ. ಹುಡುಗರು ಹೊರಡುವ ಕನಿಷ್ಠ ವಯಸ್ಸು ಮೊದಲು 19 ಇತ್ತು. 2012ರಲ್ಲಿ ಅದನ್ನು 18ಕ್ಕೆ ಇಳಿಸಿದರು. ಯಾವ ದೇಶ, ಯಾವ ಭಾಷೆ ಎಂಬುದನ್ನು ಹೊರಡುವವರು ಆರಿಸಿಕೊಳ್ಳುವಂತಿಲ್ಲ. ಕೇಂದ್ರದಿಂದ ಬಂದ ಕರೆಯೇ ಕೊನೆಯ ಮಾತು. ಖರ್ಚಿನ ಬಹುಪಾಲು ಅವರದೇ, ಅವರ ಮನೆಯವರದೇ. ಸದಾ ಇಬ್ಬಿಬ್ಬರಾಗಿ ಇರಬೇಕು, ಒಬ್ಬೊಬ್ಬರೇ ತಿರುಗುವಂತಿಲ್ಲ. ಪ್ರೇಮ ಪ್ರಸಂಗಗಳಿಗೆ ಅವಕಾಶವಿಲ್ಲ. 2019ರ ತನಕ ಮನೆಯವರೊಡನೆ ಫೋನಿನಲ್ಲಿ ಮಾತಾಡಲು ವರ್ಷಕ್ಕೆ ಎರಡೇ ದಿನ ಇದ್ದವು. ಆ ವರ್ಷದಿಂದ ವಾರಕ್ಕೊಮ್ಮೆ ಮಾತಾಡಬಹುದೆಂದು ನಿಯಮ ಸಡಿಲವಾಯಿತು.

ಭಾರತಕ್ಕೆ ಇವರು ಹೊಸಬರಲ್ಲ. 1851ರಲ್ಲೇ ಇವರ ಪ್ರಚಾರಕರು ಕಲ್ಕತ್ತೆಗೆ ಬಂದಿದ್ದರು. 1853ರಲ್ಲಿ ಯೂಟಾದಿಂದ ಹದಿಮೂರು ಮಂದಿ ಹಡಗು ಹತ್ತಿ ಬಂದರು, ಅವರಲ್ಲಿ ಕೆಲವರು ಮದರಾಸಿಗೂ ಹೋದರು. ಆ ಪ್ರಯತ್ನ ಕೆಲವೇ ವರ್ಷಗಳಲ್ಲಿ ಮುಗಿದುಹೋಯಿತು. ಮತ್ತೆ 1993ರಲ್ಲಿ ಬೆಂಗಳೂರನ್ನು ಕೇಂದ್ರ ಮಾಡಿಕೊಂಡು ಒಂದು ಮಿಷನ್ ಆರಂಭವಾಯಿತು. 2018ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತಮ್ಮ ದೇವಾಲಯ ಕಟ್ಟುವುದಾಗಿ ಸಭೆಯ ಅಧ್ಯಕ್ಷರು ಘೋಷಿಸಿದರು. ಈಗ ಈ ಸೇವೆಯಲ್ಲಿರುವವರಲ್ಲಿ ಭಾರತದವರೇ ಆದ ಯುವಕ ಯುವತಿಯರೂ ಇದ್ದಾರೆ. ಹಾಗಾಗಿ ‘ಬಿಳಿಯ ಹುಡುಗರು’ ಎಂಬ ಚಿತ್ರವೂ ಪೂರ್ತಿ ನಿಜವಲ್ಲ.

ಇನ್ನು ನಮ್ಮ ಕಡೆ ನೋಡೋಣ. ಮಹದೇಶ್ವರನ ಕಾವ್ಯದ ಕಥೆ ಏನು? ಉತ್ತರದೇಶದಲ್ಲಿ ಉತ್ತರಾಜಮ್ಮನ ಮಗನಾಗಿ ಹುಟ್ಟಿದ ಬಾಲಕನೊಬ್ಬ ದಕ್ಷಿಣಕ್ಕೆ ಬರುತ್ತಾನೆ. ಸುತ್ತೂರು, ಕುಂತೂರು ಮಠಗಳನ್ನು ಹಾದು ಬರುತ್ತಾನೆ. ಮಠದಲ್ಲಿ ರಾಗಿ ಬೀಸುತ್ತಾನೆ. ಎಪ್ಪತ್ತೇಳು ಮಲೆಯ ಸೀಮೆಗೆ ಅವನು ಪರಸ್ಥಳದವನು. ಅಲ್ಲಿಂದ ಮುಂದೆ ಕಾವ್ಯದ ಸಾಲು ಸಾಲೂ ಒಂದೇ ಕೆಲಸವನ್ನು ಹೇಳುತ್ತದೆ. ಅವನು ಜಂಗಮನ ವೇಷದಲ್ಲಿ ಬಾಗಿಲಿಗೆ ಬಂದು ಭಿಕ್ಷೆ ಕೇಳುತ್ತಾನೆ, ಆ ಮನೆಯವರನ್ನು ತನ್ನ ಒಕ್ಕಲು ಮಾಡಿಕೊಳ್ಳುತ್ತಾನೆ. ಹಾಗೆ ಒಕ್ಕಲಾದವರಲ್ಲಿ ಆಲಂಬಾಡಿಯ ಜುಂಜೇಗೌಡ ಕುರುಬರವನು, ಸಂಕಮ್ಮ ಸೋಲಿಗರವಳು. ಇಂದಿಗೂ ಬೆಟ್ಟದಲ್ಲಿ, ಜನ ಮಾದಪ್ಪನೆಂದು ಕರೆಯುವ ಈ ಮಹದೇಶ್ವರನ ಪೂಜೆ ಮಾಡುವವರು ಬೇಡಗಂಪಣ ಸಮುದಾಯದವರು. ಬೇಟೆಯಾಡುವವರು, ಕುರಿ ಕಾಯುವವರು, ಜೇನು ಕೀಳುವವರು ಒಬ್ಬ ಹೊಸ ಗುರುವಿಗೆ ನಡೆದುಕೊಳ್ಳತೊಡಗಿದ ಚರಿತ್ರೆಯೇ ಆ ಹಾಡು. ಹುಟ್ಟಿನಿಂದ ಬಂದ ಭಕ್ತಿ ಎಂಬುದು ಅವರ ಮೊಮ್ಮಕ್ಕಳ ಪಾಲಿಗೆ ನಿಜ. ಮೊದಲ ತಲೆಮಾರಿಗೆ ಅದು ಬಾಗಿಲಿಗೆ ಬಂದ ಭಕ್ತಿ.

ಮಂಟೇಸ್ವಾಮಿಯ ಕಾವ್ಯ ಇನ್ನೂ ನೇರ. ಅವನು ಕಲ್ಯಾಣದ ಶರಣರನ್ನು ಪರೀಕ್ಷಿಸಿ ದಕ್ಷಿಣಕ್ಕೆ ನಡೆದು ಬಂದವನು. ತನ್ನ ಪಂಥಕ್ಕೆ ಒಬ್ಬ ಶಿಷ್ಯಮಗ ಬೇಕೆಂದು ಅವನು ನಿಡುಘಟ್ಟದ ಕಮ್ಮಾರರ ಮನೆಯ ಕೆಂಪಾಚಾರಿಯನ್ನು ಬೇಡುತ್ತಾನೆ. ಮುಂದೆ ಸಿದ್ಧಪ್ಪಾಜಿಯಾಗುವ ಹುಡುಗ ಅವನೇ. ಸಿದ್ಧಪ್ಪಾಜಿಯನ್ನು ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ, ಅವನು ಹುಟ್ಟಿ ಬಂದ ಪಾಂಚಾಳ ಕುಲದವರ ಬಳಿಗೇ, ಕಳುಹಿಸುತ್ತಾನೆ. ಅವರು ಕೊಡದೆ ಹುಡುಗನನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಮನೆ ಬಿಟ್ಟ ಎಳೆಯ, ಗುರು ಕೊಟ್ಟ ಕೆಲಸ, ಗುರುತಿಲ್ಲದ ಬೀದಿ, ಎದುರಿಗೆ ಮುಚ್ಚಿದ ಬಾಗಿಲು. ಯೂಟಾದ ಹುಡುಗ ತಾಯಿಗೆ ಬರೆಯುವ ಕಾಗದದಲ್ಲಿ ಇರುವುದೂ ಹೆಚ್ಚುಕಡಿಮೆ ಇದೇ.

ಇದು ಕಾವ್ಯದಲ್ಲಿ ಮಾತ್ರ ಉಳಿದ ಸಂಗತಿಯಲ್ಲ. ನಮ್ಮ ಜಿಲ್ಲೆಯಲ್ಲಿ ಮಕ್ಕಳಿಲ್ಲದವರು, ಮಕ್ಕಳು ಉಳಿಯದವರು, ಕಾಯಿಲೆ ಕಸಾಲೆಗೆ ಹೆದರಿದವರು ಹರಕೆ ಹೊತ್ತು ಒಬ್ಬ ಮಗನನ್ನು ಮಾದಪ್ಪನಿಗೆ ಗುಡ್ಡನೆಂಬ ಹಾಡುಗಾರ ಶಿಷ್ಯನಾಗಿಯೋ ಮಂಟೇಸ್ವಾಮಿಗೆ ನೀಲಗಾರನಾಗಿಯೋ ಬಿಡುತ್ತ ಬಂದಿದ್ದಾರೆ. ಗುಡ್ಡನ ಕೈಗೆ ಕಂಸಾಳೆ, ಕೊರಳಿಗೆ ರುದ್ರಾಕ್ಷಿ, ಹೆಗಲಿಗೆ ಜೋಳಿಗೆ. ನೀಲಗಾರನಿಗೆ ತಂಬೂರಿ, ಗಗ್ಗರ. ಯಾವುದೋ ಒಂದೇ ಜಾತಿಯವರಲ್ಲ, ಹಲವು ಜಾತಿಯ ಮನೆಗಳಿಂದ ಬಂದವರು ದೀಕ್ಷೆ ಪಡೆಯುತ್ತಾರೆ. ಊರೂರು ತಿರುಗಿ, ಬಾಗಿಲಲ್ಲಿ ಹಾಡಿ, ಭಿಕ್ಷೆ ಪಡೆದು, ಪರಿಷೆಯ ಹೊತ್ತಿಗೆ ಬೆಟ್ಟ ಹತ್ತುತ್ತಾರೆ. ಪುಷ್ಯದ ಹುಣ್ಣಿಮೆಗೆ ಸಿದ್ಧಪ್ಪಾಜಿಯ ಚಿಕ್ಕಲ್ಲೂರಿನಲ್ಲಿ ಐದು ದಿನದ ಜಾತ್ರೆ ಸೇರಿದಾಗ ಅಲ್ಲಿ ಕಾಣುವುದು ತಂತಾನೇ ಹುಟ್ಟಿದ ಜನಸಾಗರವಲ್ಲ. ತಲೆಮಾರುಗಳ ಕಾಲ ಬಾಗಿಲಿಂದ ಬಾಗಿಲಿಗೆ ನಡೆದ ಹಾಡುಗಾರರು ಕಟ್ಟಿದ ಬಳಗ. ಪಿ.ಕೆ. ರಾಜಶೇಖರ ಅವರು ಮಹದೇಶ್ವರ ಕಾವ್ಯವನ್ನು ಸಂಪಾದಿಸಿ 1973ರಲ್ಲಿ ಪ್ರಕಟಿಸಿದರು, ಜೀ.ಶಂ. ಪರಮಶಿವಯ್ಯನವರು ಈ ವೃತ್ತಿಗಾಯಕರನ್ನು ಕುರಿತು ದೀರ್ಘವಾಗಿ ಬರೆದರು. ಅರ್ಧ ಶತಮಾನದಿಂದ ಅಚ್ಚಿನಲ್ಲಿರುವ ಈ ಸಾಹಿತ್ಯವನ್ನು ಕಲೆಯೆಂದು ಕೊಂಡಾಡಿದ ನಾವು ಅದು ಒಂದು ಪ್ರಚಾರ ಪರಂಪರೆಯೂ ಹೌದೆಂಬುದನ್ನು ಒಪ್ಪಿಕೊಳ್ಳಲಿಲ್ಲ. ವೇದಿಕೆಯ ಮೇಲೆ ಕಂಸಾಳೆ ಕುಣಿತ ನೋಡಿ ಚಪ್ಪಾಳೆ ಹೊಡೆಯುವ ನಮಗೆ, ಆ ಕಂಸಾಳೆ ಬಾಗಿಲು ತೆರೆಸುವುದಕ್ಕಾಗಿ ಬಂದದ್ದು ಎಂಬುದು ಮರೆತುಹೋಗಿದೆ.

ಇದಕ್ಕೆ ಬರುವ ಆಕ್ಷೇಪಣೆಗಳಲ್ಲಿ ಒಂದು ಗಟ್ಟಿಯಾದದ್ದು. ಮಾದಪ್ಪನ ಒಕ್ಕಲಾದವನು ತನ್ನ ಮನೆದೇವರನ್ನು, ಊರಮಾರಿಯನ್ನು ಬಿಡಬೇಕಾಗಿಲ್ಲ. ದೀಕ್ಷಾಸ್ನಾನ ಪಡೆದವನು ಹಳೆಯದನ್ನೆಲ್ಲ ಬಿಡಬೇಕು. ಎರಡೂ ಒಂದೇ ಹೇಗಾಗುತ್ತವೆ ಎಂದು ಕೇಳುತ್ತಾರೆ. ಈ ವ್ಯತ್ಯಾಸ ನಿಜ, ದೊಡ್ಡದೂ ಹೌದು. ನಮ್ಮ ಜನಪದ ಪಂಥಗಳು ಹಳೆಯ ದೇವರ ಪಕ್ಕದಲ್ಲಿ ಹೊಸ ದೇವರಿಗೆ ಜಾಗ ಮಾಡಿಕೊಂಡವು. ಬಿಳಿಗಿರಿರಂಗನು ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದನೆಂಬ ಕಥೆಯಿಂದ ಸೋಲಿಗರು ಅವನನ್ನು ಭಾವ ಎಂದು ಕರೆಯುವ ಸಲುಗೆ ಉಳಿಯಿತು. ಆದರೆ ಈ ವ್ಯತ್ಯಾಸವನ್ನು ‘ಭಾರತೀಯ’, ‘ವಿದೇಶಿ’ ಎಂದು ವಿಂಗಡಿಸಲು ಬರುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರು ಇಷ್ಟಲಿಂಗ ಕೊಟ್ಟಾಗ ಅನ್ಯದೈವದ ಪೂಜೆಯನ್ನು ಬಿಡಬೇಕೆಂದು ಸ್ಪಷ್ಟವಾಗಿಯೇ ಕೇಳಿದರು. ಏಕದೇವನಿಷ್ಠೆ ಅವರ ಮಾರ್ಗದ ಬೆನ್ನೆಲುಬು. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ ಶತಮಾನಗಳ ಕಾಲ ಜೈನ ಮುನಿಗಳ ನೆಲೆ. ಆ ಬಸದಿಗಳೂ, ಶ್ರೀವೈಷ್ಣವರ ಗುಡಿಗಳೂ, ವೀರಶೈವ ಮಠಗಳೂ, ಕಾಮಗೆರೆ ಮಾರ್ಟಳ್ಳಿಗಳ ಇಗರ್ಜಿಗಳೂ ಒಂದೇ ಜಿಲ್ಲೆಯೊಳಗೆ ಇರುವುದು ಯಾಕೆ? ಯಾರೋ ಬಂದು ಹೇಳಿದರು, ಯಾರೋ ಕೇಳಿ ಒಪ್ಪಿದರು, ಅದಕ್ಕೆ. ಬಿಡಿಸುವ ಪ್ರಚಾರವೂ ಸೇರಿಸಿಕೊಳ್ಳುವ ಪ್ರಚಾರವೂ ಎರಡೂ ಈ ಮಣ್ಣಿನಲ್ಲಿ ನಡೆದಿವೆ.

ಮೊದಲ ತಪ್ಪನ್ನು ಒಪ್ಪಿಕೊಂಡ ಉದಾರಿಗಳು ಸಾಮಾನ್ಯವಾಗಿ ಇನ್ನೊಂದು ತಪ್ಪಿಗೆ ಜಾರುತ್ತಾರೆ. ಒಳ್ಳೆಯ ಮಿಷನರಿ ಯಾರೆಂದರೆ ನಮಗೆ ನಿಘಂಟು ಕೊಟ್ಟವನು, ಆಸ್ಪತ್ರೆ ಕಟ್ಟಿದವನು ಎಂಬುದು ಅವರ ತೀರ್ಮಾನ. ಫರ್ಡಿನಂಡ್ ಕಿಟ್ಟೆಲ್ 1853ರಲ್ಲಿ ಕರ್ನಾಟಕಕ್ಕೆ ಬಂದಾಗ ಅವರಿಗೆ 21 ವರ್ಷ, ಅಂದರೆ ಇಂದಿನ ಮಾರ್ಮನ್ ಹುಡುಗರ ವಯಸ್ಸೇ. ಅವರ ಬಾಸೆಲ್ ಮಿಷನ್ನಿನ ಹಿರಿಯರಿಗೆ ಈ ಯುವಕ ಪುಸ್ತಕಗಳಲ್ಲಿ ಮುಳುಗಿರುವುದು ಅಷ್ಟಾಗಿ ಹಿಡಿಸಲಿಲ್ಲ. 1894ರಲ್ಲಿ ನಿಘಂಟು ಹೊರಬಂತು. ನಾವು ಇಂದಿಗೂ ಅದನ್ನು ತೆರೆಯುತ್ತೇವೆ. ವೆಸ್ಲಿಯನ್ ಮಿಷನ್ನಿನ ವಿಲಿಯಂ ಆರ್ಥರ್ 1839ರಲ್ಲಿ ಇಪ್ಪತ್ತರ ಹರೆಯದಲ್ಲಿ ಬಂದು ಗುಬ್ಬಿಯಲ್ಲಿ ನೆಲೆಸಿದರು. ಕಣ್ಣಿನ ತೊಂದರೆಯಿಂದ ಎರಡು ವರ್ಷಕ್ಕೇ ಮರಳಬೇಕಾಯಿತು. ಅವರಿಂದ ನಿಘಂಟು ಬರಲಿಲ್ಲ, ಹಾಗಾಗಿ ನಮ್ಮಲ್ಲಿ ಅವರ ಹೆಸರು ಹೇಳುವವರೂ ಕಡಿಮೆ. ಇನ್ನು ಮೈಸೂರಿನ ಮಿಷನ್ ಆಸ್ಪತ್ರೆ 1906ರಿಂದ ಹೆಂಗಸರು ಮಕ್ಕಳನ್ನು ನೋಡಿಕೊಂಡಿತು. ನಮ್ಮ ಕಡೆಯ ಮನೆಗಳಿಗೂ ಅದರ ಉಪಕಾರ ಮುಟ್ಟಿದೆ. ಇದಕ್ಕೆಲ್ಲ ಕೃತಜ್ಞತೆ ಇರಲೇಬೇಕು.

ಆದರೆ ಕೃತಜ್ಞತೆ ಬೇರೆ, ಅಳತೆಗೋಲು ಬೇರೆ. ನಿಘಂಟಿನಿಂದ ಮಿಷನರಿಯನ್ನು ಅಳೆದರೆ ಅವನು ಯಾವ ಕೆಲಸಕ್ಕೆ ಬಂದನೋ ಆ ಕೆಲಸದ ಬಗ್ಗೆ ನಾವು ಏನೂ ಹೇಳದೆ ತಪ್ಪಿಸಿಕೊಂಡಂತೆ. ಅವನು ಬಂದದ್ದು ಮನುಷ್ಯರ ಮನಸ್ಸನ್ನು ತಿರುಗಿಸುವುದಕ್ಕೆ. ಆ ಕೆಲಸ ಸರಿಯೋ ತಪ್ಪೋ, ಯಾವಾಗ ಸರಿ, ಯಾವಾಗ ತಪ್ಪು ಎಂಬ ಪ್ರಶ್ನೆಯನ್ನು ಎದುರಿಸಬೇಕು. ಸಂಖ್ಯೆಯಿಂದ ಅಳೆಯುವುದೂ ಅಷ್ಟೇ ನಿಷ್ಪ್ರಯೋಜಕ. ಮಾರ್ಮನ್ ಸಭೆ ಪ್ರತಿವರ್ಷ ಎಷ್ಟು ಮಿಷನರಿಗಳು, ಎಷ್ಟು ದೀಕ್ಷಾಸ್ನಾನ ಎಂದು ಲೆಕ್ಕ ಪ್ರಕಟಿಸುತ್ತದೆ; ಅದರ ವಿರೋಧಿಗಳೂ ಅದೇ ಲೆಕ್ಕವನ್ನು ತೋರಿಸಿ ಹೆದರಿಸುತ್ತಾರೆ. ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ 1792ರಲ್ಲಿ ದೀಕ್ಷೆ ಪಡೆದ ವರ್ಷವೇ ಭಾರತಕ್ಕೆ ಹೊರಟು, ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯಲ್ಲಿ ದೀರ್ಘಕಾಲ ದುಡಿದರು. ಇಲ್ಲಿಯ ಉಡುಪು ತೊಟ್ಟರು, ಇಲ್ಲಿಯ ಊಟಕ್ಕೆ ಒಗ್ಗಿಕೊಂಡರು, ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಶ್ರಮಿಸಿದರು. 1823ರಲ್ಲಿ ಊರಿಗೆ ಮರಳಿದವರು ಅದೇ ವರ್ಷ ಪ್ರಕಟಿಸಿದ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವ ಆಸೆಯನ್ನೇ ಬಿಡಬೇಕೆಂದು ವಾದಿಸಿದರು. ಸಂಖ್ಯೆಯ ಲೆಕ್ಕದಲ್ಲಿ ಅವರದು ಸೋಲು. ಆದರೆ ಇಲ್ಲಿಯವರು ಒಲ್ಲೆವು ಎಂದಾಗ ಆ ಮಾತನ್ನು ಕೇಳಿಸಿಕೊಂಡು ಯುರೋಪಿನಲ್ಲಿ ಸಾರಿದ ಮಿಷನರಿ ಎಂಬ ಕಾರಣಕ್ಕೆ ನನಗೆ ಅವರು ಮುಖ್ಯ. ಹಿಂದೂಗಳ ಬಗ್ಗೆ ಅವರು ಬರೆದ ಎಷ್ಟೋ ಕಠೋರ ಮಾತುಗಳನ್ನು ಒಪ್ಪದೆಯೂ ಇದನ್ನು ಒಪ್ಪಬಹುದು.

ಹಾಗಾದರೆ ಸರಿಯಾದ ಅಳತೆ ಯಾವುದು? ಎರಡು ಪ್ರಶ್ನೆ ಸಾಕು. ಬಾಗಿಲಿಗೆ ಬಂದವನಿಗೆ ‘ಬೇಡ, ಹೋಗಿ ಬನ್ನಿ’ ಎಂದರೆ ಮನೆಯವರಿಗೆ ಏನಾದರೂ ಕೇಡಾಗುತ್ತದೆಯೆ? ಹಾಗೆಯೇ ಬಂದ ಹುಡುಗನು ‘ನನಗೆ ಸಾಕು, ಊರಿಗೆ ಹೋಗುತ್ತೇನೆ’ ಎಂದರೆ ಅವನಿಗೆ ಮನೆಯ ಬಾಗಿಲು ತೆರೆದಿರುತ್ತದೆಯೆ? ಈ ಎರಡು ಸ್ವಾತಂತ್ರ್ಯ ಇದ್ದಲ್ಲಿ ಪ್ರಚಾರ ತಪ್ಪಲ್ಲ, ಅದು ಯಾವ ದೇಶದಿಂದ ಬಂದಿದ್ದರೂ. ಒಂದು ಇಲ್ಲವಾದರೂ ಅದು ತಪ್ಪು, ಅದು ನಮ್ಮದೇ ಆಗಿದ್ದರೂ.

ಮೊದಲ ಪ್ರಶ್ನೆಯನ್ನು ನಮ್ಮ ಕಾವ್ಯಕ್ಕೇ ಹಾಕಿ ನೋಡೋಣ. ಮಹದೇಶ್ವರನ ಕಾವ್ಯದಲ್ಲಿ ಬೇವಿನಹಟ್ಟಿ ಕಾಳಮ್ಮ ಬಾಗಿಲಿಗೆ ಬಂದ ಜಂಗಮನಿಗೆ ಭಿಕ್ಷೆ ನೀಡುವುದಿಲ್ಲ. ಆಸ್ತಿವಂತೆ, ಜೋರಿನ ಹೆಂಗಸು. ಅವಳ ಮನೆ ಹಾಳಾಗುತ್ತದೆ. ಇಲ್ಲ ಎಂದವಳಿಗೆ ದೇವರು ಕೊಟ್ಟ ಉತ್ತರ ಅದು. ಭಕ್ತರಾದ ನಾವು ಇದನ್ನು ಅಹಂಕಾರಕ್ಕೆ ತಕ್ಕ ಶಾಸ್ತಿ ಎಂದು ಓದುತ್ತ ಬಂದಿದ್ದೇವೆ. ಆದರೆ ಬೇರೆ ಮತದ ಪ್ರಚಾರಕನೊಬ್ಬ ‘ನಮ್ಮ ದೇವರನ್ನು ಒಪ್ಪದಿದ್ದರೆ ನಿಮ್ಮ ಮನೆ ನಾಶವಾಗುತ್ತದೆ’ ಎಂದು ಗುಂಡ್ಲುಪೇಟೆಯ ಬೀದಿಯಲ್ಲಿ ಹೇಳಿದರೆ ನಾವು ಸುಮ್ಮನಿರುತ್ತೇವೆಯೆ? ಅವನಿಗೆ ಅನ್ವಯಿಸುವ ನ್ಯಾಯ ನಮ್ಮ ಹಾಡಿಗೂ ಅನ್ವಯಿಸಬೇಕು. ಸಂಕಮ್ಮನ ಸಾಲು, ಅಂದರೆ ಅವಳ ಕಥೆಯ ಭಾಗ, ಇದಕ್ಕೆ ಎದುರು ನಿಲ್ಲುತ್ತದೆ. ಗಂಡನ ಅನುಮಾನಕ್ಕೂ ಹಿಂಸೆಗೂ ಸಿಕ್ಕಿ, ಅವನು ಕೇಳಿದ ಭಾಷೆ ಕೊಡಲು ಒಪ್ಪದೆ ನರಳುವ ಸೋಲಿಗರ ಹೆಣ್ಣುಮಗಳು ಅವಳು. ಅವಳ ಬಳಿ ಮಾದಪ್ಪ ಬರುವುದು ಆಸರೆಯಾಗಿ. ಅವಳು ಒಕ್ಕಲಾಗುವುದು ಹೆದರಿಯಲ್ಲ. ಒಂದೇ ಕಾವ್ಯದೊಳಗೆ ಹೆದರಿಸಿ ಪಡೆದ ಭಕ್ತಿಯೂ ಇದೆ, ನೆರವಿಗೆ ಬಂದು ಗಳಿಸಿದ ಭಕ್ತಿಯೂ ಇದೆ. ಎರಡರ ಬೆಲೆ ಒಂದೇ ಅಲ್ಲವೆಂದು ಹೇಳುವ ಧೈರ್ಯ ವಿಮರ್ಶೆಗೆ ಬೇಕು. ಈ ಪ್ರಶ್ನೆಯ ಮಟ್ಟಿಗೆ ಮಾರ್ಮನ್ ಹುಡುಗ ಪಾಸಾಗುತ್ತಾನೆ. ಬೇಡ ಎಂದರೆ ಅವನು ನಮಸ್ಕರಿಸಿ ಮುಂದಿನ ಮನೆಗೆ ಹೋಗಬೇಕಾದವನು. ಅವನ ಕೈಯಲ್ಲಿ ಶಾಪದ ಬಲವೂ ಇಲ್ಲ, ಸರ್ಕಾರದ ಬಲವೂ ಇಲ್ಲ.

ಎರಡನೆಯ ಪ್ರಶ್ನೆಗೆ ಮಾರ್ಮನ್ನರಿಗೂ ಸುಲಭದ ಉತ್ತರವಿಲ್ಲ. ಹೆಣ್ಣುಮಕ್ಕಳಿಗೆ ಸೇವೆ ಐಚ್ಛಿಕ. ಗಂಡುಮಕ್ಕಳಿಗೆ ಅದು ಕರ್ತವ್ಯವೆಂದು ಆ ಸಭೆ ಬೋಧಿಸುತ್ತದೆ. ಬಾಲ್ಯದಿಂದ ಮನೆಯಲ್ಲೂ ಸಭೆಯಲ್ಲೂ ಅದನ್ನೇ ಕೇಳಿ ಬೆಳೆದ ಹುಡುಗನ ಒಪ್ಪಿಗೆಯಲ್ಲಿ ಅವನ ಪಾಲು ಎಷ್ಟು, ಮನೆಯವರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಕಾಯಿಲೆಯಿಂದಲೋ ಮನಸ್ಸು ಕುಗ್ಗಿಯೋ ನಂಬಿಕೆ ಸಡಿಲವಾಗಿಯೋ ಅವಧಿಗೆ ಮುಂಚೆ ಮರಳಿದವರು ತಲೆತಗ್ಗಿಸಿ ಬಾಳಬೇಕಾದ ಸಂಕಟವನ್ನು ಆ ಸಮುದಾಯದವರೇ ಹೇಳಿಕೊಂಡಿದ್ದಾರೆ. ನಮ್ಮಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಮಾರ್ಮನ್ ಹುಡುಗನಿಗೆ 18 ತುಂಬಿರುತ್ತದೆ, ಎರಡು ವರ್ಷದ ಗಡಿಯಿರುತ್ತದೆ. ಹರಕೆಯ ಕೂಸಿಗೆ ವಯಸ್ಸೂ ಇಲ್ಲ, ಗಡಿಯೂ ಇಲ್ಲ. ಹುಟ್ಟುವ ಮೊದಲೇ ಅದರ ಬಾಳು ಗೊತ್ತಾಗಿರುತ್ತದೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯನ್ನು ಕರ್ನಾಟಕ 1982ರ ದೇವದಾಸಿ ನಿಷೇಧ ಕಾಯ್ದೆಯಿಂದ ನಿಷೇಧಿಸಿತು. ಅಲ್ಲಿದ್ದ ಲೈಂಗಿಕ ಶೋಷಣೆ ಗುಡ್ಡರ, ನೀಲಗಾರರ ಪರಂಪರೆಯಲ್ಲಿಲ್ಲ. ಎರಡನ್ನೂ ಸಮ ಮಾಡುವುದು ಅನ್ಯಾಯ. ಆದರೂ ಮಗುವಿನ ಒಪ್ಪಿಗೆ ಎಂಬ ತತ್ವ ಗಂಡುಮಗುವಿಗೂ ಸಲ್ಲಬೇಕಾದದ್ದೇ.

ಹಾಗೆಂದು ನಮ್ಮ ಪರಂಪರೆ ಕುರುಡಾಗಿಲ್ಲ. ಅದರ ಹಿರಿಮೆ ಇರುವುದು ಒಂದು ಕಡೆ, ಅದನ್ನು ನಾವು ಗಮನಿಸಿದ್ದು ಕಡಿಮೆ. ಮಂಟೇಸ್ವಾಮಿ ಮಗನನ್ನು ಬೇಡಿದಾಗ ಕೆಂಪಾಚಾರಿಯ ತಾಯಿ ಮುದ್ದಮ್ಮ ಕೊಡಲೊಲ್ಲೆ ಎನ್ನುತ್ತಾಳೆ. ನೀಲಗಾರರು ಅವಳ ಈ ನಿರಾಕರಣೆಯನ್ನು, ಸಂಕಟವನ್ನು ಮುಚ್ಚಿಡುವುದಿಲ್ಲ. ಗುರುವಿನ ಗೆಲುವನ್ನು ಹಾಡುವ ಬಾಯಿಂದಲೇ ತಾಯಿಯ ತಕರಾರನ್ನೂ ಹಾಡುತ್ತಾರೆ. ಹಲಗೂರಿನ ಪಾಂಚಾಳರ ಪ್ರತಿರೋಧವನ್ನೂ ಹಾಗೆಯೇ ವಿಸ್ತಾರವಾಗಿ ಹೇಳುತ್ತಾರೆ. ಒಪ್ಪದವರ ಮಾತನ್ನು ತನ್ನ ಪವಿತ್ರ ಕಥೆಯೊಳಗೇ ಉಳಿಸಿಕೊಂಡ ಪ್ರಚಾರ ಪರಂಪರೆ ಜಗತ್ತಿನಲ್ಲಿ ಅಪರೂಪ. ಮಿಷನ್ ವರದಿಗಳಲ್ಲಿ ಸೇರಿದವರ ಲೆಕ್ಕ ಇರುತ್ತದೆ, ಮಗನನ್ನು ಕಳುಹಿಸಿದ ತಾಯಿಯ ಹೆಮ್ಮೆ ಇರುತ್ತದೆ. ಕಳುಹಿಸಲು ಮನಸ್ಸಿಲ್ಲದಿದ್ದ ತಾಯಿಯ ಅಳಲು ಸಿಗುವುದು ವಿರಳ. ಮಾರ್ಮನ್ ಸಭೆ ನಮ್ಮಿಂದ ಕಲಿಯಬಹುದಾದದ್ದು ಇದು. ಹುಡುಗನಿಗೆ ವಯಸ್ಸು ತುಂಬಲಿ, ಸೇವೆಗೆ ಒಂದು ಕೊನೆ ಇರಲಿ ಎಂಬುದು ನಾವು ಅವರಿಂದ ಕಲಿಯಬಹುದಾದದ್ದು.

ಕಾನೂನಿನ ಮಾತನ್ನೂ ಇಲ್ಲಿ ಆಡಬೇಕು. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಕರ್ನಾಟಕದ 2022ರ ಮತಾಂತರ ಕಾಯ್ದೆ ಇನ್ನೂ ಮುಂದೆ ಹೋಗಿ, ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂದಿತು. ಅಪ್ರಾಪ್ತರು, ಬುದ್ಧಿ ಸ್ಥಿಮಿತದಲ್ಲಿಲ್ಲದವರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು ಇಷ್ಟೂ ಜನರನ್ನು ಒಂದೇ ಪಟ್ಟಿಯಲ್ಲಿಟ್ಟು, ಅವರನ್ನು ಕಾನೂನುಬಾಹಿರವಾಗಿ ಮತಾಂತರಿಸಿದರೆ ಹೆಚ್ಚಿನ ಶಿಕ್ಷೆ ಎಂದಿತು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಇದನ್ನು ಹಿಂಪಡೆಯಲು ತೀರ್ಮಾನಿಸಿತು. ಆ ಪಟ್ಟಿಯ ಹಿಂದಿನ ಯೋಚನೆ ಮಾತ್ರ ಸಮಾಜದಲ್ಲಿ ಹಾಗೆಯೇ ಇದೆ: ಹೆಂಗಸರಿಗೆ, ದಲಿತರಿಗೆ, ಸೋಲಿಗರಿಗೆ ತಮ್ಮ ದೇವರನ್ನು ತಾವೇ ಆರಿಸಿಕೊಳ್ಳುವ ಬುದ್ಧಿ ಸಾಲದು ಎಂಬ ಯೋಚನೆ. ನಮ್ಮ ಜಿಲ್ಲೆಯ ಕಾವ್ಯ ಇದನ್ನು ಒಪ್ಪುವುದಿಲ್ಲ. ಕಾಳಮ್ಮ ದೇವರಿಗೆ ಇಲ್ಲ ಎಂದಳು, ಮುದ್ದಮ್ಮ ಗುರುವಿಗೆ ಕೊಡೆ ಎಂದಳು, ಸಂಕಮ್ಮ ಗಂಡನಿಗೆ ಬಗ್ಗದೆ ಮಾದಪ್ಪನನ್ನು ಒಪ್ಪಿದಳು. ಅನಕ್ಷರಸ್ಥ ಗಾಯಕರು ಹೆಣ್ಣಿಗೂ ಬುಡಕಟ್ಟಿನವರಿಗೂ ಕೊಟ್ಟ ಈ ಘನತೆಯನ್ನು ಓದಿದ ಶಾಸಕರು ಕೊಡಲಿಲ್ಲ. ಬೆದರಿಕೆ, ಮೋಸ, ಬಲಾತ್ಕಾರಗಳನ್ನು ಯಾರು ಮಾಡಿದರೂ ಶಿಕ್ಷಿಸಿ. ಬಾಗಿಲಲ್ಲಿ ನಿಂತು ಮಾತಾಡುವುದನ್ನು, ಕೇಳಿ ಒಪ್ಪುವುದನ್ನು ಅಪರಾಧ ಮಾಡಬೇಡಿ.

ಆದ್ದರಿಂದ ಚಾಮರಾಜನಗರದ, ಗುಂಡ್ಲುಪೇಟೆಯ ನನ್ನ ಜನರಲ್ಲಿ ನಾನು ಕೇಳಿಕೊಳ್ಳುವುದು ಇಷ್ಟು. ‘ನಮ್ಮಲ್ಲಿ ಪ್ರಚಾರ ಇರಲಿಲ್ಲ’ ಎಂಬ ಮಾತನ್ನು ಇನ್ನಾದರೂ ಬಿಡೋಣ. ಅದು ಮನೆ ಬಿಟ್ಟು, ಕಾಲು ಸವೆಸಿ, ಹಾಡಿ ಹಾಡಿ ನಮ್ಮ ಅಜ್ಜಂದಿರನ್ನು ಒಲಿಸಿದ ಗುಡ್ಡರಿಗೆ, ನೀಲಗಾರರಿಗೆ ಮಾಡುವ ಅವಮಾನ. ಮಗನನ್ನು ದೇವರಿಗೆ ಬಿಡುತ್ತೇವೆಂದು ಹರಕೆ ಹೊತ್ತವರು ಅವನು ಹದಿನೆಂಟು ತುಂಬುವ ತನಕ ಕಾಯಲಿ, ಶಾಲೆ ಬಿಡಿಸದಿರಲಿ, ಆಮೇಲೆ ಅವನನ್ನೇ ಕೇಳಲಿ. ಒಲ್ಲೆ ಎಂದರೆ ಆ ಹರಕೆಯನ್ನು ಬೇರೆ ಸೇವೆಯಿಂದ ತೀರಿಸಲಿ. ನಮ್ಮ ಬಾಗಿಲಿಗೆ ಯಾವ ಮತದ ಹುಡುಗ ಹುಡುಗಿಯರು ಬಂದರೂ ನೀರು ಕೊಟ್ಟು ಮಾತಾಡಿಸೋಣ; ಒಪ್ಪಿಗೆಯಾದರೆ ಕೇಳೋಣ, ಇಲ್ಲವಾದರೆ ಮರ್ಯಾದೆಯಿಂದ ಇಲ್ಲ ಎನ್ನೋಣ. ಜೋಳಿಗೆ ಹಿಡಿದು ಬಂದ ಪರಸ್ಥಳದ ಬಾಲಕನೊಬ್ಬನಿಗೆ ಬಾಗಿಲು ತೆರೆದದ್ದರಿಂದಲೇ ಮಾದಪ್ಪ ನಮ್ಮವನಾದ. ಬಂದವನ ಮೇಲೆ ಕೈಮಾಡುವ ಹಕ್ಕನ್ನು ನಮಗೆ ಯಾವ ದೇವರೂ ಕೊಟ್ಟಿಲ್ಲ.